ಸೇತುವೆ ಎಷ್ಟು?

ವೆನಿಸ್ಸಿನ ಸಾಂತಾ ಲೂಚಿಯಾ ಸ್ಟೇಷನ್ನಿಂದ ಹೊರಗೆ ಬಂದ ಅಮ್ಮ ಅಲ್ಲೇ ನಿಂತುಬಿಟ್ಟಳು. ಎದುರಿಗೆ ಅಗಲವಾದ ಮೆಟ್ಟಿಲು, ಆಚೆಗೆ ನೀರು. ಆಟೋ ಇಲ್ಲ, ಕಾರಿಲ್ಲ, ಹಾರ್ನಿಲ್ಲ.

"ರಸ್ತೆ ಎಲ್ಲೋ ಮಾರಾಯ?"

"ಇದೇ ರಸ್ತೆ" ಅಂದೆ. ಎಲ್ಲ ಓದಿಕೊಂಡು ಬಂದವನ ಜಂಭ ನನಗಿನ್ನೂ ಇತ್ತು. ಅದು ಕಾಲು ಗಂಟೆಯೂ ಉಳಿಯಲಿಲ್ಲ.

ಊರೊಳಗೆ ಓಡಾಡಲು ಇರುವುದು ವಪೊರೆಟ್ಟೊ, ಅಂದರೆ ನೀರಿನ ಸಿಟಿ ಬಸ್ಸು. ಒಂದು ಟಿಕೆಟ್ಟಿಗೆ 9.50 ಯೂರೋ, 75 ನಿಮಿಷ ನಡೆಯುತ್ತದೆ. ಎರಡು ದಿನದ ಪಾಸಿಗೆ 35. ಪಾಸು ತಗೊಂಡೆ. ರೂಪಾಯಿ ಲೆಕ್ಕ ಹಾಕಿದ ಅಮ್ಮ, "ಹೊಳೆ ದಾಟಕ್ಕೆ ಇಷ್ಟಾ?" ಅಂದಳು. ಒಂದನೇ ನಂಬರಿನ ಬೋಟು ಬಂತು, ಹತ್ತಿದೆವು. ನಂಬರ್ ನೋಡಿದ್ದೆ, ದಿಕ್ಕು ನೋಡಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅದು ಪಿಯಾತ್ಸಾಲೆ ರೋಮಾ. ಕಾರು, ಬಸ್ಸು ಬರುವುದು ಅಲ್ಲಿಯವರೆಗೆ ಮಾತ್ರ. ಸಾಲಾಗಿ ನಿಂತ ಬಸ್ಸುಗಳನ್ನು ಕಂಡು ಅಮ್ಮನ ಮುಖ ಅರಳಿತು. "ನೋಡು, ರಸ್ತೆ ಇದೆ. ನೀನು ಸುಮ್ನೆ ಇಲ್ಲ ಅಂದೆ."

ವಾಪಸ್ ಅದೇ ದಾರಿ. ಈ ಸಲ ಅಮ್ಮ ಬೋಟಿನ ಬದಿಯಲ್ಲೇ ನಿಂತಳು. ಸ್ಟಾಪ್ ಹತ್ತಿರ ಬಂದಾಗ ಒಬ್ಬ ಹುಡುಗಿ ದಪ್ಪ ಹಗ್ಗವನ್ನು ಜೆಟ್ಟಿಯ ಕಬ್ಬಿಣದ ಗೂಟಕ್ಕೆ ಎಸೆದು, ಸುತ್ತು ಹಾಕಿ ಬಿಗಿ ಹಿಡಿಯುತ್ತಾಳೆ. ಹಗ್ಗ ಕಿರ್ರೆನ್ನುತ್ತದೆ, ಬೋಟು ಜೆಟ್ಟಿಗೆ ಧಡಕ್ಕನೆ ತಾಗುತ್ತದೆ. ಅವಳು ಗೇಟು ಸರಿಸುತ್ತಾಳೆ, ಜನ ಇಳಿದು ಹತ್ತುತ್ತಾರೆ. ಅರ್ಧ ನಿಮಿಷದಲ್ಲಿ ಹಗ್ಗ ಬಿಚ್ಚಿ ಆಯಿತು. ಅಮ್ಮ ಸಾಗರದ ಕಡೆಯವಳು. ಸಿಗಂದೂರು ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿದ್ದು ಲೆಕ್ಕವಿಲ್ಲ. "ಅಲ್ಲಿ ಲಾಂಚಿನ ಮೇಲೆ ಬಸ್ಸು ಹೋಗ್ತಿತ್ತು. ಇಲ್ಲಿ ಲಾಂಚೇ ಬಸ್ಸು" ಅಂದಳು. ಅಲ್ಲಿ 2025ರ ಜುಲೈನಲ್ಲಿ ಸೇತುವೆ ಆಗಿದೆ. ಇಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ನಮ್ಮ ಕಷ್ಟ ಶುರುವಾಗಿದ್ದೇ ಅವುಗಳಿಂದ.

ಕಾ ದೋರೊ ಸ್ಟಾಪಿನಿಂದ ರೂಮಿಗೆ ಐದು ನಿಮಿಷ ಅಂತ ಮೆಸೇಜ್ ಬಂದಿತ್ತು. ವಿಳಾಸದಲ್ಲಿ ಬೀದಿಯ ಹೆಸರೇ ಇಲ್ಲ. ಕನ್ನರೇಜೊ ಅನ್ನುವ ಭಾಗದ ಹೆಸರು, ಮುಂದೆ ನಾಲ್ಕಂಕಿಯ ನಂಬರು, ಅಷ್ಟೇ. ಹಳೇ ಊರನ್ನು ಆರು ಭಾಗ ಮಾಡಿದ್ದಾರೆ. ಮನೆ ನಂಬರು ಬೀದಿಗೊಂದರಂತೆ ಶುರುವಾಗದೆ ಇಡೀ ಭಾಗಕ್ಕೆ ಒಂದೇ ಸರಣಿಯಲ್ಲಿ ಓಡುತ್ತದೆ. ಹಾಗಾಗಿ ಮೂಲೆ ತಿರುಗಿದ ಕೂಡಲೇ ನೂರಾರು ನಂಬರು ಹಾರಿಬಿಡುತ್ತದೆ. ಎರಡೂ ಕೈ ಚಾಚಿದರೆ ಗೋಡೆ ತಾಗುವ ಓಣಿಗಳಲ್ಲಿ ಫೋನಿನ ನೀಲಿ ಚುಕ್ಕಿ ಈ ಮನೆಯಿಂದ ಆ ಮನೆಗೆ ನೆಗೆಯುತ್ತಿತ್ತು. ಒಂದು ಓಣಿಯಂತೂ ಸೀದಾ ನೀರಿಗೇ ಹೋಗಿ ಮುಗಿಯಿತು. ಕೊನೆಯ ಮೂರು ಮೆಟ್ಟಿಲಿಗೆ ಹಸಿರು ಪಾಚಿ. ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೆ ಅಂತ ಗೆರೆ ಎಳೆದ ಹಾಗಿತ್ತು.

ಐದು ನಿಮಿಷದ ದಾರಿಯಲ್ಲಿ ಎರಡು ಸೇತುವೆ. ಸೇತುವೆ ಅಂದರೆ ಸಪಾಟಲ್ಲ, ಹತ್ತಿಪ್ಪತ್ತು ಮೆಟ್ಟಿಲು ಹತ್ತಿ ಅಷ್ಟೇ ಇಳಿಯಬೇಕು. ಎಲ್ಲಾದರೂ ಊಟ ಸಿಗದಿದ್ದರೆ ಅಂತ ಅಮ್ಮ ಸೂಟ್‌ಕೇಸಿನಲ್ಲಿ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಪುಟ್ಟ ಕುಕ್ಕರ್ ತಂದಿದ್ದಳು. ಮ್ಯೂನಿಕ್‌ನಲ್ಲಿ ನನ್ನ ಮನೆಯಲ್ಲೇ ಬಿಡು ಅಂತ ಬೇಡಿಕೊಂಡಿದ್ದೆ. ಕೇಳಿರಲಿಲ್ಲ. ಮೊದಲ ಸೇತುವೆಯ ನೆತ್ತಿಯಲ್ಲಿ ಅಮ್ಮ ಮಂಡಿ ಹಿಡಿದುಕೊಂಡು ಕೂತಳು. ನಾನು ಕುಕ್ಕರ್ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಕೈಗಾಡಿಯ ತುಂಬ ನೀರಿನ ಬಾಟಲಿ ಪೇರಿಸಿಕೊಂಡು ಬಂದ. ಗಾಡಿಗೆ ಹಿಂದೆ ದೊಡ್ಡ ಚಕ್ರ, ಮುಂದೆ ಪುಟ್ಟ ಚಕ್ರ. ಪುಟ್ಟದನ್ನು ಮೇಲಿನ ಮೆಟ್ಟಿಲಿಗೆ ಊರಿ, ದೊಡ್ಡದನ್ನು ದೂಡಿ, ಟಕ್ ಟಕ್ ಅಂತ ಒಂದೊಂದೇ ಮೆಟ್ಟಿಲು ಹತ್ತಿಸಿದ. "ನೋಡಿ ಕಲಿ" ಅಂದಳು ಅಮ್ಮ.

ಅಲ್ಲಿಂದ ನಮ್ಮ ಲೆಕ್ಕ ಬದಲಾಯಿತು. ಎಷ್ಟು ನಿಮಿಷ, ಎಷ್ಟು ದೂರ ಅಂತ ಕೇಳುವುದು ಬಿಟ್ಟೆವು. ಸೇತುವೆ ಎಷ್ಟು ಅಂತ ಕೇಳತೊಡಗಿದೆವು. ರಾತ್ರಿ ಮ್ಯಾಪ್ ದೊಡ್ಡದು ಮಾಡಿ, ಬೆರಳಿನ ಗೆಣ್ಣಿನಲ್ಲಿ ಕಾಲುವೆಗಳನ್ನು ಎಣಿಸಿ ಮರುದಿನದ ದಾರಿ ಹಾಕಿದೆವು. ಹತ್ತಿರದ ದಾರಿ ಅಂತ ಮ್ಯಾಪ್ ತೋರಿಸಿದ್ದು ಅಮ್ಮನ ಮಂಡಿಗೆ ಬಹಳ ಸಲ ದೂರದ ದಾರಿಯಾಗಿತ್ತು.

ಬೆಳಿಗ್ಗೆ ಆಚೆ ದಡದ ರಿಯಾಲ್ಟೊ ಸಂತೆಗೆ ಹೋಗಬೇಕಿತ್ತು. ಊರ ನಡುವಿನ ದೊಡ್ಡ ಕಾಲುವೆಯಾದ ಗ್ರ್ಯಾಂಡ್ ಕೆನಾಲಿಗೆ ಈಗ ನಾಲ್ಕು ಸೇತುವೆಗಳಿವೆ. 1854ರವರೆಗೂ ಇದ್ದದ್ದು ರಿಯಾಲ್ಟೊ ಒಂದೇ, 1591ರಲ್ಲಿ ಕಟ್ಟಿ ಮುಗಿಸಿದ್ದು. ಉಳಿದ ಕಡೆ ಜನ ದೋಣಿಯಲ್ಲೇ ದಾಟುತ್ತಿದ್ದರು. ಆ ಪದ್ಧತಿ ಕೆಲವು ಕಡೆ ಇನ್ನೂ ಇದೆ, ಟ್ರಗೆಟ್ಟೊ ಅಂತಾರೆ. ಗೊಂಡೊಲಾದಂಥದೇ ದೋಣಿ, ಸ್ವಲ್ಪ ಅಗಲ, ಹಿಂದೊಬ್ಬ ಮುಂದೊಬ್ಬ ಹುಟ್ಟು ಹಾಕುವವರು. ನಮ್ಮಂಥವರಿಗೆ ಎರಡು ಯೂರೋ. ಅರ್ಧ ಗಂಟೆಯ ಗೊಂಡೊಲಾ ಸವಾರಿಗೆ 90 ಯೂರೋ ಕೊಡುವ ಬದಲು ಎರಡು ನಿಮಿಷ ಇದರಲ್ಲಿ ದಾಟಿದರೆ ಸಾಕು ಅಂತ ನನ್ನ ಅನಿಸಿಕೆ. ಜಿಪುಣ ಅಂದರೂ ಪರವಾಗಿಲ್ಲ.

ಸಾಂತಾ ಸೋಫಿಯಾ ಕಡವಿನಲ್ಲಿ ಸಂತೆ ಚೀಲ ಹಿಡಿದ ಇಬ್ಬರು ಅಜ್ಜಿಯರು ದೋಣಿಯ ನಡುವೆ ನಿಂತೇ ಇದ್ದರು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಕೂತೆ. ಅಮ್ಮ ಸೀರೆ ಎತ್ತಿ ಸಿಕ್ಕಿಸಿ, ಸ್ಪೋರ್ಟ್ಸ್ ಶೂ ಹಾಕಿದ ಕಾಲು ಅಗಲಿಸಿ, ಅಜ್ಜಿಯರ ಪಕ್ಕ ನಿಂತಳು. ವಪೊರೆಟ್ಟೊ ಎಬ್ಬಿಸಿದ ಅಲೆಗೆ ದೋಣಿ ವಾಲಿದಾಗ ಅವರಲ್ಲೊಬ್ಬರು ಅಮ್ಮನ ಮೊಣಕೈ ಹಿಡಿದುಕೊಂಡರು. ಯಾರು ಯಾರನ್ನು ಆತುಕೊಂಡರೋ ಗೊತ್ತಾಗಲಿಲ್ಲ.

ಸ್ಯಾನ್ ಮಾರ್ಕೊ ಚೌಕ ನೋಡಿದೆವು. ಜನ ಜಾಸ್ತಿ. ಅಮ್ಮನಿಗೆ ಅದಕ್ಕಿಂತ ಹಿಡಿಸಿದ್ದು, ಒಂದು ಕಾಲುವೆಯಲ್ಲಿ ವಾಷಿಂಗ್ ಮೆಷಿನ್ ಹೊತ್ತು ಹೋದ ದೋಣಿ ಮತ್ತು ಸೈರನ್ ಹಾಕಿಕೊಂಡು ನುಗ್ಗಿದ ಆಂಬುಲೆನ್ಸ್ ಬೋಟು.

ಸಂಜೆ ವಾಪಸ್ ಹೊರಟಾಗ ಹಳದಿ ಬೋರ್ಡೊಂದು ರಿಯಾಲ್ಟೊ ಕಡೆಗೆ ಅಂತ ಎಡಕ್ಕೂ ಬಾಣ ತೋರಿಸಿತು, ಬಲಕ್ಕೂ ತೋರಿಸಿತು. ನಾನು ಫೋನ್ ತೆಗೆದೆ.

"ರೂಮಿಗೆ ನಡೆದರೆ ಇಪ್ಪತ್ತು ನಿಮಿಷ ಅಮ್ಮ. ಬೋಟಿಗೆ ಅರ್ಧ ಗಂಟೆಯ ಮೇಲಾಗತ್ತೆ."

"ಸೇತುವೆ ಎಷ್ಟು?"

"ನಡೆದರೆ ಏಳು. ಬೋಟಲ್ಲಾದರೆ ಕೊನೆಗೆ ಅವೆರಡೇ."

ಅಮ್ಮ ಆಗಲೇ ಪರ್ಸಿನಿಂದ ಪಾಸು ತೆಗೆದು ಜೆಟ್ಟಿಯ ಕಡೆ ಹೊರಟಿದ್ದಳು. "ದಿಕ್ಕು ನೋಡ್ಕೋ" ಅಂದಳು.