ಗಂಜಿ ಹಾಕಿದ ಬಿಳಿ ಅಂಗಿ

ನಮ್ಮ ಮನೆಯಲ್ಲಿ ದಿನಾ ಮುದ್ದೆ. ಅನ್ನ ಏನಿದ್ದರೂ ಹಬ್ಬಕ್ಕೆ, ಇಲ್ಲ ನೆಂಟರು ಬಂದಾಗ. ಆದರೆ 1987ರಿಂದ ಎರಡು ವರ್ಷ ಪ್ರತಿ ಶನಿವಾರ ಬೆಳಿಗ್ಗೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಬಸಿದ ಗಂಜಿ ನನ್ನ ಬಿಳಿ ಅಂಗಿಗೆ ಬೇಕಿತ್ತು. ಭಾನುವಾರ ಎನ್‌ಸಿಸಿ ಪರೇಡ್. ನಾನು ನೌಕಾ ವಿಭಾಗದ ಕೆಡೆಟ್.

ತುಮಕೂರು ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವ ಊರು. ಅಲೆ ನೋಡಬೇಕೆಂದರೆ ಘಾಟಿ ಇಳಿದು ಮಂಗಳೂರಿಗೇ ಹೋಗಬೇಕು. ಆದರೂ ನಮ್ಮ ಶಾಲೆಯಲ್ಲಿ ನೌಕಾ ವಿಭಾಗ ಇತ್ತು. ಅದನ್ನು ನಡೆಸುತ್ತಿದ್ದವರು ನಮ್ಮ ಗಣಿತದ ಮೇಷ್ಟ್ರು. ಅವರು ಹೇಳಿಕೊಟ್ಟ ಒಂದು ಪ್ರಮೇಯವೂ ಈಗ ನೆನಪಿಲ್ಲ. ಟೋಪಿ ಹಾಕುವುದು ಮಾತ್ರ ಚೆನ್ನಾಗಿ ನೆನಪಿದೆ. ಹೊಸ ಬೆರೆಟ್ ಟೋಪಿಯನ್ನು ನೀರಲ್ಲಿ ನೆನೆಸಿ, ತಲೆಯ ಮೇಲೆಯೇ ಇಟ್ಟು ಆಕಾರಕ್ಕೆ ತರಬೇಕು. ಪಟ್ಟಿ ಹುಬ್ಬಿಗಿಂತ ಎರಡು ಬೆರಳು ಮೇಲೆ. ಬ್ಯಾಡ್ಜ್ ಎಡಗಣ್ಣಿನ ನೇರಕ್ಕೆ. ಉಳಿದ ಬಟ್ಟೆ ಬಲಕ್ಕೆ ಇಳಿಯಬೇಕು. ಮೇಷ್ಟ್ರು ಸಾಲಿನ ಉದ್ದಕ್ಕೂ ಬಂದು ಒಬ್ಬೊಬ್ಬರ ಹಣೆಗೂ ಬೆರಳಿಟ್ಟು ಅಳೆಯುತ್ತಿದ್ದರು. ತಲೆ ಮೇಲೆ ಟೋಪಿ ಇಲ್ಲದಿದ್ದರೆ ಸೆಲ್ಯೂಟ್ ಹೊಡೆಯೋ ಹಾಗಿಲ್ಲ, ಸಾವಧಾನ್ ನಿಲ್ಲಬೇಕು ಅನ್ನುತ್ತಿದ್ದರು.

ನೌಕಾಪಡೆಯ ಸೆಲ್ಯೂಟ್‌ನಲ್ಲಿ ಅಂಗೈ ನೆಲದ ಕಡೆ ಇರುತ್ತದೆ. ಭೂಸೇನೆಯವರದು ಹಾಗಲ್ಲ, ಅಂಗೈ ಎದುರಿನವರಿಗೆ ಕಾಣುತ್ತದೆ. ಹಿಂದೆ ಹಡಗಿನ ಹಗ್ಗ, ಟಾರು ಮುಟ್ಟಿ ನಾವಿಕರ ಕೈ ಕಪ್ಪಾಗಿರುತ್ತಿತ್ತಂತೆ. ಅದಕ್ಕೇ ಹೀಗೆ ಅಂತ ಮೇಷ್ಟ್ರು ಹೇಳಿದ ದಿನ, ನಾನು ಮನೆಗೆ ಬಂದು ಕನ್ನಡಿ ಮುಂದೆ ನಿಂತು ಎಷ್ಟು ಸಲ ಕೈ ಎತ್ತಿದೆನೋ ಲೆಕ್ಕವಿಲ್ಲ.

ಒಂದು ಭಾನುವಾರ ಪರೇಡ್ ಮುಗಿಸಿ ನಾವು ಮೂವರು ಅಮಾನಿಕೆರೆ ಕಡೆ ಹೋದೆವು. ಏರಿಯ ಪಕ್ಕ ಮೀನು ಹಿಡಿಯುವವರ ಹರಿಗೋಲು ಇತ್ತು. ನೇವಿಯವರಾಗಿ ನೀರಿಗೆ ಇಳಿಯದಿದ್ದರೆ ಹೇಗೆ, ಅಲ್ವಾ? ಹಗ್ಗ ಬಿಚ್ಚಿ ಹತ್ತೇಬಿಟ್ಟೆವು. ಹರಿಗೋಲು ಮುಂದಕ್ಕೆ ಹೋಗಲಿಲ್ಲ, ಬುಗುರಿ ಹಾಗೆ ಸುತ್ತತೊಡಗಿತು. ಒಬ್ಬ ಹೆದರಿ ಎದ್ದು ನಿಂತ. ಮೂವರೂ ಮೊಣಕಾಲುದ್ದದ ಕೆಸರಿನಲ್ಲಿ! ಅಮ್ಮ ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ನಮ್ಮ ಬೋರ್‌ವೆಲ್ ನೀರೂ ಗಡಸು.

ಮುಂದಿನ ಪರೇಡ್‌ನಲ್ಲಿ ಮೇಷ್ಟ್ರು ನಮ್ಮ ಮುಂದೆ ನಿಂತರು. ಹೊಡೆಯಲಿಲ್ಲ, ಬೈಯಲೂ ಇಲ್ಲ. "ಇದನ್ನ ಒಗೆದೋರು ಯಾರು?" ಅಂತ ಕೇಳಿದರು. "ಅಮ್ಮ ಸಾರ್" ಅಂದೆವು. "ಶನಿವಾರ ಮೂವರೂ ನಮ್ಮನೇಗೆ ಬನ್ನಿ. ಬಟ್ಟೆ ತನ್ನಿ" ಅಂದರು.

ಅವತ್ತು ಅವರ ಹಿತ್ತಲಿನ ಕಲ್ಲಿನ ಮೇಲೆ ನಾವೇ ಒಗೆದೆವು. ಮೇಷ್ಟ್ರೂ ಪಂಚೆ ಎತ್ತಿಕಟ್ಟಿ ಜೊತೆಗೆ ಕೂತರು. ನೀಲಿ ಎಷ್ಟು ಹಾಕಬೇಕು, ಗಂಜಿ ಯಾಕೆ ಸೋಸಬೇಕು, ಬಕಲ್‌ಗೆ ಹುಣಸೆಹಣ್ಣು ತಿಕ್ಕಿದ ಮೇಲೆ ಯಾಕೆ ಒಣ ಬಟ್ಟೆಯಲ್ಲಿ ಒರೆಸಬೇಕು, ಎಲ್ಲ ಹೇಳಿದರು. ಇದ್ದಿಲ ಇಸ್ತ್ರಿ ಪೆಟ್ಟಿಗೆಯಿಂದ ಕಿಡಿ ಹಾರದ ಹಾಗೆ ಗಾಳಿ ಊದುವುದನ್ನೂ ತೋರಿಸಿದರು. ಅವರ ಮನೆಯವರು ಮೂವರಿಗೂ ಬಿಸಿಬಿಸಿ ಅನ್ನ, ಹುಳಿ ಬಡಿಸಿದರು.

ಉಂಡಾದ ಮೇಲೆ ಮೇಷ್ಟ್ರು ತಮ್ಮ ಕಾಲದ ಕತೆ ತೆಗೆದರು. ಚೀನಾ ಯುದ್ಧ ಆದ ಮೇಲೆ, 1963ರಲ್ಲಿ, ಕಾಲೇಜಿನಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಮಾತ್ರ ಅಂತಾಯಿತು. ಅವರು ಓದಿದ್ದು ಆ ಕಡ್ಡಾಯದ ವರ್ಷಗಳಲ್ಲಿ. ಪರೇಡ್ ಮುಗಿಯುವ ಮೊದಲೇ ಹುಡುಗರು ಬೆಲ್ಟ್ ಸಡಿಲಿಸುತ್ತಿದ್ದರಂತೆ. "ನಿಮ್ಮನ್ನ ಯಾರೂ ಬಲವಂತ ಮಾಡಿಲ್ಲ ಕಣ್ರೋ. ನೀವಾಗೇ ಬಂದು ಕೇಳಿ ಹಾಕ್ಕೊಂಡಿದ್ದೀರಿ" ಅಂದರು. ಅಷ್ಟೇ ಅಂದಿದ್ದು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಎಂದೂ ಅಮ್ಮನಿಗೆ ಆ ಬಟ್ಟೆ ಕೊಡಲಿಲ್ಲ. ಟ್ರೂಪಿನಲ್ಲಿ ಎಲ್ಲರಿಗಿಂತ ಚೊಕ್ಕ ಯೂನಿಫಾರ್ಮ್ ನನ್ನದು ಅಂತ ಮೇಷ್ಟ್ರೇ ಎಲ್ಲರ ಮುಂದೆ ಹೇಳಿದರು. 'ಎ' ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ನಾನು ಹಾಕಿದ ಗಂಟುಗಳನ್ನು ಎಳೆದು ನೋಡಿ ಪರೀಕ್ಷಕರು ತಲೆದೂಗಿದರು. ಬೋಲೈನ್ ಗಂಟನ್ನು ಈಗಲೂ ಕಣ್ಣು ಮುಚ್ಚಿ ಹಾಕುತ್ತೇನೆ. ಇಷ್ಟು ವರ್ಷದ ನೌಕರಿಯಲ್ಲಿ ಇಸ್ತ್ರಿ ಇಲ್ಲದ ಅಂಗಿಯಲ್ಲಿ ನನ್ನನ್ನು ಯಾರೂ ನೋಡಿಲ್ಲ.

ಈಗಿನ ಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತೇನೆ. ಬಟ್ಟೆ ನಮ್ಮದಕ್ಕಿಂತ ಚೆನ್ನಾಗಿದೆ. ಆದರೆ ಟೋಪಿ ಜೇಬಿನಲ್ಲಿ, ಗುಂಡಿ ಬಿಚ್ಚಿದೆ. ಮಕ್ಕಳದು ತಪ್ಪಲ್ಲ. ಭಾನುವಾರವೂ ಟ್ಯೂಷನ್ ಇಟ್ಟರೆ ಅವರಾದರೂ ಏನು ಮಾಡಬೇಕು? ಹಣೆಗೆ ಬೆರಳಿಟ್ಟು ಅಳೆಯಲು ಮೇಷ್ಟ್ರಿಗೂ ಪುರುಸೊತ್ತು ಬೇಕಲ್ಲ.

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ರಾತ್ರಿ ಹನ್ನೊಂದು. ಬೆಳಗಿನ ಜಾವ ಎದ್ದು ಬಿಳಿ ಅಂಗಿಗೆ ನಾನೇ ಇಸ್ತ್ರಿ ಹಾಕಿಕೊಂಡು ಹೊರಟೆ. ಹರಿಗೋಲಿನಲ್ಲಿದ್ದ ಇನ್ನಿಬ್ಬರೂ ಬಂದಿದ್ದರು. ಮೇಷ್ಟ್ರನ್ನು ಅಂಗಳದಲ್ಲಿ ಮಲಗಿಸಿದ್ದರು. ಬಲಗೈ ತಾನಾಗಿ ಮೇಲೆದ್ದಿತು. ತಲೆ ಬರಿದಾಗಿತ್ತು. ಕೈ ಇಳಿಸಿದೆ. ಹಿಮ್ಮಡಿ ಸೇರಿಸಿ, ಮುಷ್ಟಿಯನ್ನು ಪ್ಯಾಂಟಿನ ಹೊಲಿಗೆಗೆ ಒತ್ತಿ, ಸಾವಧಾನ್ ನಿಂತೆ. ಪಕ್ಕದಲ್ಲಿ ಅವರಿಬ್ಬರೂ ಹಾಗೇ ನಿಂತಿದ್ದರು.