ಚೆನ್ನಾಗಿದ್ದ ಕಥೆಯನ್ನ ಯಾಕೆ ಕೆಡಿಸ್ತಾರೆ ಅಂತ ಕೇಳುವವರಿಗೆ

ಹರೆಯದ ಮಕ್ಕಳ ಜೊತೆ ಕೂತು ಪುಸ್ತಕ ಓದುವ ಗುಂಪೊಂದನ್ನು ನಡೆಸುತ್ತೇನೆ. ಹಳೇ ಫೇರಿ ಟೇಲ್‌ಗಳನ್ನು ಈ ಕಾಲದ ಲೇಖಕರು ಹೊಸದಾಗಿ ಹೇಳಿದ ಕಾದಂಬರಿಗಳೇ ನಮ್ಮಲ್ಲಿ ಜಾಸ್ತಿ. ಇದು ಗೊತ್ತಾದ ದೊಡ್ಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. “ಅಷ್ಟು ಚೆನ್ನಾಗಿದ್ದ ಕಥೆಯನ್ನ ಯಾಕೆ ಹೀಗೆ ಕೆಡಿಸ್ತಾರೆ? ಮಕ್ಕಳಿಗೆ ಮೂಲ ಕಥೆಯನ್ನೇ ಕೊಡಬಾರದಾ?” ನೆಂಟರು ಕೇಳಿದ್ದಾರೆ, ಮೇಷ್ಟ್ರುಗಳು ಕೇಳಿದ್ದಾರೆ, ಲಿಫ್ಟಿನಲ್ಲಿ ಪಕ್ಕ ನಿಂತವರೂ ಕೇಳಿದ್ದಾರೆ. ಮೊದಮೊದಲು ನಗುತ್ತಾ ಉತ್ತರ ಹೇಳುತ್ತಿದ್ದೆ. ಈಗ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಮೊದಲು ನೀವು ಹೇಳಿ, ಯಾವುದು ಮೂಲ ಕಥೆ?

ಬರುವ ಉತ್ತರ ನನಗೆ ಗೊತ್ತು. ಸ್ನೋ ವೈಟ್ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುತ್ತಾಳೆ, ರಾಜಕುಮಾರ ಬಂದು ಮುತ್ತು ಕೊಡುತ್ತಾನೆ, ಅವಳು ಕಣ್ಣು ಬಿಡುತ್ತಾಳೆ. ಅದು 1937ರ ಡಿಸ್ನಿ ಸಿನಿಮಾ. ಜನರ ಬಾಯಲ್ಲಿದ್ದ ಕಥೆಗಳನ್ನು ಕೂಡಿಹಾಕಿದ ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಮುತ್ತು ಇಲ್ಲವೇ ಇಲ್ಲ. ಪೆಟ್ಟಿಗೆ ಹೊತ್ತ ಆಳುಗಳು ಎಡವುತ್ತಾರೆ. ಆ ಕುಲುಕಾಟಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಿಷದ ಸೇಬಿನ ಚೂರು ಆಚೆ ಬರುತ್ತದೆ, ಹುಡುಗಿ ಎದ್ದು ಕೂರುತ್ತಾಳೆ. ಆಮೇಲೆ ಅವಳ ಮದುವೆಗೆ ಬಂದ ಮಲತಾಯಿಗೆ ಕೆಂಪಗೆ ಕಾದ ಕಬ್ಬಿಣದ ಚಪ್ಪಲಿ ತೊಡಿಸಿ, ಸಾಯುವ ತನಕ ಕುಣಿಸುತ್ತಾರೆ. ಕಪ್ಪೆ ರಾಜಕುಮಾರನ ಕಥೆಯಲ್ಲೂ ಮುತ್ತಿಲ್ಲ. ರಾಜಕುಮಾರಿಗೆ ಸಿಟ್ಟು ನೆತ್ತಿಗೇರಿ ಕಪ್ಪೆಯನ್ನು ಗೋಡೆಗೆ ಬೀಸಿ ಹೊಡೆಯುತ್ತಾಳೆ. ಕಪ್ಪೆ ರಾಜಕುಮಾರ ಆಗುವುದು ಆಗ.

ಸರಿ, ಗ್ರಿಮ್ ಪುಸ್ತಕವೇ ಮೂಲ ಅಂತಿಟ್ಟುಕೊಳ್ಳೋಣ. ಅದರಲ್ಲಿ ಯಾವುದು? 1812ರಲ್ಲಿ ಶುರುವಾದ ಮೊದಲ ಆವೃತ್ತಿಯಾ, 1857ರ ಏಳನೆಯದಾ? ಮಧ್ಯದಲ್ಲಿ ಆ ಅಣ್ಣತಮ್ಮಂದಿರು ಕಥೆಗಳನ್ನು ತಿದ್ದುತ್ತಲೇ ಹೋದರು. 1812ರಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಲು ಹೊರಟವಳು ಹೆತ್ತ ತಾಯಿ. 1819ರ ಹೊತ್ತಿಗೆ ಅವಳನ್ನು ಮಲತಾಯಿ ಮಾಡಿದರು. ಗೋಪುರದಲ್ಲಿ ಕೂಡಿಹಾಕಿದ ಉದ್ದ ಕೂದಲ ಹುಡುಗಿ ರಪುಂಜೆಲ್, ಮೊದಲ ಆವೃತ್ತಿಯಲ್ಲಿ, ನನ್ನ ಬಟ್ಟೆಯೆಲ್ಲ ಯಾಕೆ ಬಿಗಿಯಾಗ್ತಿದೆ ಅಂತ ಸಾಕಿದವಳನ್ನೇ ಕೇಳುತ್ತಾಳೆ. ತಾನು ಬಸುರಿ ಅನ್ನುವುದು ಪಾಪ ಅವಳಿಗೇ ಗೊತ್ತಿಲ್ಲ. ಇದು ಮಕ್ಕಳ ಕೈಗೆ ಕೊಡುವ ಮಾತಲ್ಲ ಎಂದು ಆಕ್ಷೇಪ ಬಂತು, ಮುಂದಿನ ಆವೃತ್ತಿಗಳಲ್ಲಿ ಆ ಮಾತು ಹೋಯಿತು. ಅಂದರೆ ನಿಮ್ಮ ‘ಮೂಲ’ ಕೂಡ ಓದುವವರ ವಯಸ್ಸು ನೋಡಿ ಮತ್ತೆ ಬರೆದದ್ದೇ.

ಗ್ರಿಮ್‌ಗಿಂತ ನೂರು ವರ್ಷ ಮುಂಚೆ, 1697ರಲ್ಲಿ, ಫ್ರಾನ್ಸಿನ ಶಾರ್ಲ್ ಪೆರೋ ಸಿಂಡ್ರೆಲಾಳ ಕಥೆ ಬರೆದಿದ್ದ. ಅವನಿಗೂ ಮುಂಚೆ, 1630ರ ದಶಕದಲ್ಲಿ ಅಚ್ಚಾದ ಇಟಲಿಯ ಬಸೀಲೆಯ ಪುಸ್ತಕದಲ್ಲಿ, ಆ ಹುಡುಗಿ ತನ್ನ ಮೊದಲ ಮಲತಾಯಿಯನ್ನು ದೊಡ್ಡ ಪೆಟ್ಟಿಗೆಯ ಮುಚ್ಚಳ ಬೀಳಿಸಿ ಸಾಯಿಸುತ್ತಾಳೆ. ಇನ್ನೂ ಹಿಂದೆ ಹೋದರೆ 9ನೇ ಶತಮಾನದ ಚೀನಾದಲ್ಲಿ ಯೆ ಶಿಯೆನ್ ಸಿಗುತ್ತಾಳೆ. ಮಲತಾಯಿ ಕೊಂದ ಮೀನಿನ ಮೂಳೆ ಅವಳಿಗೆ ಬೇಡಿದ್ದೆಲ್ಲ ಕೊಡುತ್ತದೆ. ಅವಳ ಪಾದರಕ್ಷೆಯೂ ಕಳೆದುಹೋಗುತ್ತದೆ, ಅದೂ ಒಬ್ಬ ರಾಜನ ಕೈ ಸೇರುತ್ತದೆ. ಇವುಗಳಲ್ಲಿ ಯಾವುದನ್ನು ಕೊಡಲಿ ಹೇಳಿ.

ಇನ್ನೊಂದು ದೂರು ಇದೆ. ಹೊಸ ಲೇಖಕರು ಹುಡುಗಿಯರನ್ನು ಸುಮ್ನೆ ಜಾಣೆಯರನ್ನಾಗಿ ಮಾಡ್ತಾರಂತೆ, ಹಳೇ ಕಥೆಯಲ್ಲಿ ಹಾಗಿರಲಿಲ್ಲವಂತೆ. ಕೆಂಪು ಟೋಪಿಯ ಹುಡುಗಿಯ ಕಥೆ ನೋಡಿ. ಪೆರೋ ಬರೆದದ್ದರಲ್ಲಿ ತೋಳ ಅವಳನ್ನು ತಿಂದುಹಾಕುತ್ತದೆ. ಅಲ್ಲಿಗೆ ಕಥೆ ಮುಗಿಯಿತು, ಕೊನೆಗೊಂದು ನೀತಿಪದ್ಯ. ಗ್ರಿಮ್‌ನಲ್ಲಿ ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಅವಳನ್ನು ಆಚೆ ತೆಗೆಯುತ್ತಾನೆ. ಆದರೆ ಫ್ರಾನ್ಸಿನ ಹಳ್ಳಿಗಳಲ್ಲಿ ಜನರ ಬಾಯಲ್ಲಿದ್ದ ಕಥೆಯನ್ನು 19ನೇ ಶತಮಾನದ ಕೊನೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಬರೆದಿಟ್ಟದ್ದು ತಡವಾಗಿ, ಆದರೆ ಕಥೆ ಪೆರೋಗಿಂತ ಹಳೆಯದು ಅಂತ ಹಲವು ವಿದ್ವಾಂಸರು ಅನ್ನುತ್ತಾರೆ. ಅದರಲ್ಲಿ ಬೇಟೆಗಾರನೇ ಇಲ್ಲ. ಹಾಸಿಗೆಯಲ್ಲಿರುವುದು ಅಜ್ಜಿ ಅಲ್ಲ ಅಂತ ಹುಡುಗಿಗೆ ಗೊತ್ತಾಗುತ್ತದೆ. ಹೊರಗೆ ಹೋಗಬೇಕು, ಅರ್ಜೆಂಟು ಅನ್ನುತ್ತಾಳೆ. ತೋಳ ಅವಳ ಕಾಲಿಗೆ ದಾರ ಕಟ್ಟಿ ಕಳಿಸುತ್ತದೆ. ಅವಳು ಆ ದಾರವನ್ನು ಅಂಗಳದ ಪ್ಲಮ್ ಮರಕ್ಕೆ ಕಟ್ಟಿ ಮನೆಗೆ ಓಡಿಹೋಗುತ್ತಾಳೆ. ಬರೆಯುವ ಗಂಡಸರ ಕೈಗೆ ಸಿಕ್ಕ ಮೇಲೆ ಆ ಹುಡುಗಿ ಪೆದ್ದಿ ಆದಳು. ಈಗಿನವರು ಜಾಣತನವನ್ನು ಎಲ್ಲಿಂದಲೋ ತಂದು ಅಂಟಿಸಿಲ್ಲ, ಅವಳದ್ದನ್ನು ಅವಳಿಗೆ ವಾಪಸ್ ಕೊಟ್ಟಿದ್ದಾರೆ.

ಇಷ್ಟಾದರೂ ನನಗೆ ನಿಜವಾಗಿ ಸಿಟ್ಟು ಬರುವುದು ಈ ಪ್ರಶ್ನೆಯನ್ನು ಕೇಳುವ ರೀತಿಗೆ. ಓದುತ್ತಿರುವ ಹುಡುಗಿ ಪಕ್ಕದಲ್ಲೇ ನಿಂತಿರುತ್ತಾಳೆ. ಪುಸ್ತಕ ಅವಳ ಕೈಯಲ್ಲೇ ಇರುತ್ತದೆ. ಅವಳ ತಲೆಯ ಮೇಲಿಂದ ನನ್ನನ್ನು ಕೇಳುತ್ತಾರೆ. ಅವಳಿಗೆ ಹೇಗನಿಸಿತು ಅಂತ ಯಾರೂ ಕೇಳುವುದಿಲ್ಲ.

ಒಂದು ಸಲ ಹೀಗಾಯಿತು. ಮಗಳನ್ನು ಕರೆದುಕೊಂಡು ಹೋಗಲು ಬಂದ ಒಬ್ಬ ತಂದೆ, ಅವಳ ಕೈಲಿದ್ದ ಕಾದಂಬರಿ ಇಸಿದುಕೊಂಡು ಹಾಳೆ ತಿರುವಿದರು. ಅದು ಮರಿಸ್ಸಾ ಮೇಯರ್ ಅವರ 2012ರ ‘ಸಿಂಡರ್’. ಅದರಲ್ಲಿ ಸಿಂಡ್ರೆಲಾ ಒಬ್ಬ ಮೆಕ್ಯಾನಿಕ್, ಅರ್ಧ ಮನುಷ್ಯಳು, ಅರ್ಧ ಯಂತ್ರ. ಒಂದು ಕಾಲು ಲೋಹದ್ದು. “ಏನ್ ಮೇಡಂ ಇದು, ಆ ಹುಡುಗಿಗೆ ಕಬ್ಬಿಣದ ಕಾಲು ಹಾಕಿದ್ದಾರೆ! ನಾವು ಓದಿದ ಕಥೆ ಎಷ್ಟು ಚೆಂದ ಇತ್ತು. ಹಳೇದೇ ಕೊಡಿ ಮೇಡಂ” ಅಂದರು. ಆಗಲಿ ಎಂದು ಗ್ರಿಮ್ ಪುಸ್ತಕ ತೆಗೆದು ಅವರ ಮುಂದೆಯೇ ಒಂದು ಪುಟ ಓದಿದೆ. ಚಪ್ಪಲಿ ಹಿಡಿಸುತ್ತಿಲ್ಲ. ತಾಯಿ ದೊಡ್ಡ ಮಗಳ ಕೈಗೆ ಚಾಕು ಕೊಟ್ಟು, ಬೆರಳು ಕತ್ತರಿಸಿಕೋ, ರಾಣಿ ಆದ ಮೇಲೆ ನೀನು ನಡೆಯಬೇಕಾಗಿಲ್ಲ ಅನ್ನುತ್ತಾಳೆ. ಮಗಳು ಕತ್ತರಿಸಿಕೊಳ್ಳುತ್ತಾಳೆ. ಆಮೇಲೆ ಎರಡನೆಯವಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾಳೆ. ಕೊನೆಗೆ ಪಾರಿವಾಳಗಳು ಇಬ್ಬರ ಕಣ್ಣನ್ನೂ ಕುಕ್ಕಿ ತೆಗೆಯುತ್ತವೆ. ಅವರ ಮುಖ ಬಿಳುಚಿತು. “ಇದನ್ನ ಮಕ್ಕಳಿಗೆ ಓದಿಸ್ತೀರಾ?” ಅಂದರು.

ಅಷ್ಟು ಹೊತ್ತು ಸುಮ್ಮನಿದ್ದ ಮಗಳು ಆಗ ಬಾಯಿ ಬಿಟ್ಟಳು. “ಅಪ್ಪಾ, ಸಿಂಡ್ರೆಲಾ ಅಪ್ಪ ಬದುಕಿದ್ದ, ಗೊತ್ತಾ?”

“ಇಲ್ಲಮ್ಮಾ. ಅವನು ಮೊದಲೇ ಸತ್ತುಹೋಗಿದ್ದ.”

“ಇಲ್ಲ ಅಪ್ಪಾ. ಮನೇಲೇ ಇದ್ದ.”

ಅವಳು ಹೇಳಿದ್ದು ನಿಜ. ಅಪ್ಪನನ್ನು ಶುರುವಿನಲ್ಲೇ ಸಾಯಿಸಿದ್ದು 1950ರ ಡಿಸ್ನಿ ಸಿನಿಮಾ. ಪೆರೋ ಕಥೆಯಲ್ಲಿ ಅಪ್ಪ ಇದ್ದಾನೆ, ಆದರೆ ಹೆಂಡತಿ ಹೇಳಿದ ಹಾಗೆ ಕೇಳಿಕೊಂಡಿದ್ದಾನೆ. ಗ್ರಿಮ್‌ನಲ್ಲಂತೂ ಅವನು ಕೊನೆಯ ತನಕ ಇದ್ದಾನೆ. ಚಪ್ಪಲಿ ಹಿಡಿದು ಬಂದ ರಾಜಕುಮಾರ, ನಿಮಗೆ ಬೇರೆ ಮಗಳಿಲ್ಲವೇ ಎಂದು ಅವನನ್ನೇ ಕೇಳುತ್ತಾನೆ. ಇಲ್ಲ, ಸತ್ತುಹೋದ ಮೊದಲ ಹೆಂಡತಿಯ ಒಂದು ಕೃಶವಾದ ಹುಡುಗಿ ಇದೆ ಅಷ್ಟೇ, ಅವಳು ಮದುವಣಗಿತ್ತಿ ಆಗಲು ಸಾಧ್ಯವೇ ಇಲ್ಲ ಅನ್ನುತ್ತಾನೆ ಅಪ್ಪ. ಆ ಸಾಲು ಓದಿದ ದಿನ ನಮ್ಮ ಗುಂಪಿನಲ್ಲಿ ಬೇರೆ ಏನೂ ನಡೆಯಲಿಲ್ಲ. ಮಲತಾಯಿಯ ಕೆಟ್ಟತನ ಅವರಿಗೆ ಹೊಸದಲ್ಲ. ಎಲ್ಲ ನೋಡುತ್ತಾ ಮನೆಯಲ್ಲೇ ಕೂತಿದ್ದ ಅಪ್ಪನನ್ನು ಏನು ಮಾಡುವುದು ಅಂತ ಅವರಿಗೆ ತಿಳಿಯಲಿಲ್ಲ.

ನೀವು ನನ್ನನ್ನು ಕೇಳಬೇಕಾದದ್ದು ಇದನ್ನು. ಈ ವಯಸ್ಸಿನ ಮಕ್ಕಳು ಆ ಕಥೆಗಳನ್ನು ಓದಿ ಏನು ಕೇಳ್ತಾರೆ?

ತುಂಬಾ ಕೇಳ್ತಾರೆ. ಅವಳು ಯಾಕೆ ಮನೆ ಬಿಟ್ಟು ಹೋಗಲಿಲ್ಲ? ಹೇಳಿದ ಕೆಲಸವನ್ನೆಲ್ಲ ಯಾಕೆ ಮಾಡಿದಳು? ರಾತ್ರಿಯೆಲ್ಲ ಜೊತೆಗೆ ಕುಣಿದವನಿಗೆ ಅವಳ ಮುಖ ನೆನಪಿರಲಿಲ್ವಾ, ಚಪ್ಪಲಿ ಯಾಕೆ ಬೇಕಾಯ್ತು? ರಪುಂಜೆಲ್‌ಗೆ ಗೋಪುರದಲ್ಲಿ ಹೆದರಿಕೆ ಆಗ್ತಿರಲಿಲ್ವಾ? ಐದು ವರ್ಷದ ಮಗು ಇವನ್ನು ಕೇಳುವುದಿಲ್ಲ. ಹದಿನಾಲ್ಕರವರು ಕೇಳದೆ ಬಿಡುವುದಿಲ್ಲ. ಯಾಕೆಂದರೆ ಇವು ಅವರದೇ ವಯಸ್ಸಿನವರ ಕಥೆಗಳು. ಗ್ರಿಮ್‌ನ ರಪುಂಜೆಲ್‌ಳನ್ನು ಗೋಪುರದಲ್ಲಿ ಕೂಡಿಹಾಕುವುದು ಅವಳಿಗೆ 12 ತುಂಬಿದಾಗ. ನಿದ್ದೆ ಹೋದ ರಾಜಕುಮಾರಿಗೆ ಕದಿರು ಚುಚ್ಚುವುದು 15ಕ್ಕೆ. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಬರೆದ ಪುಟ್ಟ ಮತ್ಸ್ಯಕನ್ಯೆಗೆ ನೀರಿನ ಮೇಲೆ ಬರಲು ಅಪ್ಪಣೆ ಸಿಗುವುದೂ 15ಕ್ಕೆ. ಮೈ ಬದಲಾಗುವುದು, ದೊಡ್ಡವರು ಬಾಗಿಲು ಹಾಕುವುದು, ನಿನ್ನ ಮದುವೆ ಹೀಗೆ ಅಂತ ಯಾರೋ ನಿರ್ಧರಿಸುವುದು, ಮನೆಯಿಂದ ಹೊರಗೆ ಕಾಲಿಡುವುದು. ಇದೆಲ್ಲ ತೊಟ್ಟಿಲ ಮಕ್ಕಳ ವಿಷಯವೇ ಅಲ್ಲ.

ಹರೆಯದವರಿಗಾಗಿ ಮತ್ತೆ ಬರೆಯುವುದೂ ಹೊಸ ಚಾಳಿಯಲ್ಲ. ಅಪ್ಪನಿಗೋಸ್ಕರ ಮನೆ ಬಿಟ್ಟು ಮೃಗವೊಂದರ ಅರಮನೆಗೆ ಹೋಗುವ ಹುಡುಗಿಯ ಕಥೆ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಅನ್ನು 1740ರಲ್ಲಿ ಮೇಡಂ ದ ವಿಲ್ನವ್ ದೊಡ್ಡವರಿಗಾಗಿ ಬಹಳ ಉದ್ದವಾಗಿ ಬರೆದರು. 1756ರಲ್ಲಿ ಬೋಮಾಂಟ್ ಎಂಬ ಶಿಕ್ಷಕಿ, ತಾನು ಪಾಠ ಹೇಳುವಂಥ ಹುಡುಗಿಯರಿಗಾಗಿ ಅದನ್ನು ಚಿಕ್ಕದು ಮಾಡಿದರು. ಇವತ್ತು ಲೋಕಕ್ಕೆ ಗೊತ್ತಿರುವುದು ಆ ಚಿಕ್ಕ ಕಥೆ. ವಿಲ್ನವ್ ಕಥೆಯಲ್ಲಿ ಮೃಗ ದಿನಾ ರಾತ್ರಿ, ನನ್ನ ಜೊತೆ ಮಲಗುತ್ತೀಯಾ ಎಂದು ಕೇಳುತ್ತದೆ. ಬೋಮಾಂಟ್ ಅದನ್ನು, ನನ್ನನ್ನು ಮದುವೆ ಆಗುತ್ತೀಯಾ ಎಂದು ಬದಲಿಸಿದರು. ಎರಡರಲ್ಲೂ ಅವಳು ಇಲ್ಲ ಅನ್ನುತ್ತಾಳೆ, ಮೃಗ ಎದುರಾಡದೆ ಎದ್ದು ಹೋಗುತ್ತದೆ. ನನಗೆ ಆ ಕಥೆಯ ಜೀವವೇ ಅಲ್ಲಿದೆ. ಈಚಿನ ಕೆಲವು ಕಾದಂಬರಿಗಳಲ್ಲಿ ಮೃಗ ಕೇಳುವುದೇ ಇಲ್ಲ, ಹಿಡಿದು ಎಳೆಯುತ್ತಾನೆ, ಅದನ್ನೇ ಪ್ರೀತಿ ಅನ್ನುತ್ತಾರೆ. ಅಂಥದ್ದನ್ನು ನಾನು ಮಕ್ಕಳ ಕಪಾಟಿನಲ್ಲಿ ಇಡುವುದಿಲ್ಲ. ಹೌದು, ಕೆಟ್ಟ ಪುಸ್ತಕಗಳು ಬೇಕಾದಷ್ಟಿವೆ. ಹುಡುಗಿಯ ಕೈಗೆ ಕತ್ತಿ ಕೊಟ್ಟು, ಬೇರೇನೂ ಯೋಚಿಸದೆ ಮುಗಿಸಿದವು ಇವೆ. ಮಲತಾಯಿಗೂ ನೋವಿತ್ತು ಅಂತ ಹೇಳುವ ಭರದಲ್ಲಿ, ಅವಳು ಮಾಡಿದ್ದನ್ನೇ ಮರೆಸುವವೂ ಇವೆ.

ಒಳ್ಳೆಯವು ಬೇರೆ ಥರ. ಮಕ್ಕಳು ಕೇಳುವ ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಅದಕ್ಕೆ ಪೂರ್ತಿ ಪುಸ್ತಕದ ತುಂಬ ಉತ್ತರ ಹುಡುಕುತ್ತವೆ. ಹೇಳಿದ್ದನ್ನೆಲ್ಲ ಯಾಕೆ ಮಾಡಿದಳು? ಗೇಲ್ ಕಾರ್ಸನ್ ಲವೀನ್ 1997ರ ‘ಎಲ್ಲಾ ಎನ್‌ಚಾಂಟೆಡ್’ನಲ್ಲಿ ಉತ್ತರ ಕೊಡುತ್ತಾರೆ. ಹುಟ್ಟಿದಾಗಲೇ ಒಬ್ಬ ಕಿನ್ನರಿ ಆ ಮಗುವಿಗೆ ವಿಧೇಯತೆಯ ವರ ಕೊಟ್ಟಿರುತ್ತಾಳೆ. ಯಾರು ಏನು ಅಪ್ಪಣೆ ಮಾಡಿದರೂ ಅವಳು ಮಾಡಲೇಬೇಕು. ಹೇಳಿದ ಮಾತು ಕೇಳುವ ಒಳ್ಳೆ ಹುಡುಗಿ ಅಂತ ಹೊಗಳಿಸಿಕೊಂಡು ಬೆಳೆದವರು ಆ ಪುಸ್ತಕ ಓದುವಾಗ ಅವರ ಮುಖ ನೋಡಬೇಕು. ಮನೆ ಬಿಟ್ಟು ಯಾಕೆ ಹೋಗಲಿಲ್ಲ? ‘ಸಿಂಡರ್’ನಲ್ಲಿ ಕಾನೂನಿನ ಪ್ರಕಾರ ಅವಳು ಮಲತಾಯಿಯ ಅಧೀನ. ಅವಳು ದುಡಿದದ್ದೂ ಮಲತಾಯಿಗೇ ಸೇರುತ್ತದೆ. ಆ ತಂದೆಗೆ ಕಂಡ ಕಬ್ಬಿಣದ ಕಾಲು ಇರುವುದು ಇದಕ್ಕೆ. ಆ ಕಾಲಿನಿಂದಾಗಿಯೇ ಊರು ಅವಳನ್ನು ಕೀಳಾಗಿ ನೋಡುತ್ತದೆ. ಇನ್ನು ರಾಬಿನ್ ಮೆಕಿನ್ಲಿ, ಅದೇ ಮೃಗದ ಕಥೆಯನ್ನು ಮತ್ತೆ ಹೇಳುವ 1978ರ ‘ಬ್ಯೂಟಿ’ಯಲ್ಲಿ, ಹೊಟ್ಟೆಕಿಚ್ಚಿನ ಅಕ್ಕಂದಿರನ್ನೇ ತೆಗೆದುಹಾಕಿ, ಪ್ರೀತಿಸುವ ಅಕ್ಕಂದಿರನ್ನು ತಂದರು. ಅಂಥ ಮನೆ ಬಿಟ್ಟು ಹೋಗುವುದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ.

ನಮ್ಮ ಗುಂಪಿನಲ್ಲಿ ಇನ್ನೂ ಒಂದು ಪ್ರಶ್ನೆ ಹಾಗೇ ಉಳಿದಿದೆ. ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿನಲ್ಲಿ ಬಿಟ್ಟು ಬರಲು ಹೆಂಡತಿ ಹೇಳಿದಾಗ ಅಪ್ಪ ಒಪ್ಪುತ್ತಾನೆ. ಒಂದು ಸಲ ಅಲ್ಲ, ಎರಡು ಸಲ. ಕೊನೆಗೆ ಮಕ್ಕಳು ಮುತ್ತುರತ್ನ ತುಂಬಿಕೊಂಡು ಮನೆಗೆ ಬರುವಾಗ ತಾಯಿ ಸತ್ತಿರುತ್ತಾಳೆ. ಅಪ್ಪನನ್ನು ತಬ್ಬಿಕೊಳ್ಳುತ್ತಾರೆ. ಎಲ್ಲರೂ ಸುಖವಾಗಿರುತ್ತಾರೆ. “ಆಮೇಲೆ ಅದೇ ಮನೇಲಿ ಅವರಿಗೆ ನಿದ್ದೆ ಬರ್ತಿತ್ತಾ ಅಕ್ಕಾ?” ಅಂತ ಒಬ್ಬ ಹುಡುಗ ಕೇಳಿದ. ಅವರು ಮನೆಗೆ ಬಂದ ಮಾರನೇ ದಿನದಿಂದ ಶುರುವಾಗುವ, ಆ ಅಪ್ಪನನ್ನು ಸುಲಭಕ್ಕೆ ಬಿಡದ ಕಾದಂಬರಿ ಒಂದು ನಮಗೆ ಬೇಕು. ನಿಮ್ಮ ಕಣ್ಣಿಗೆ ಬಿದ್ದರೆ ಹೆಸರು ಕಳಿಸಿ. ನೀವೇ ಬರೆದರಂತೂ ಮೊದಲ ಪ್ರತಿ ನಮಗೆ.