ಅಲ್ಲಿಯೂ ಬಲಗಡೆ, ಇಲ್ಲಿಯೂ ಬಲಗಡೆ

ಅಕ್ಟೋಬರ್ 9, 2025, ಗುರುವಾರ
ಶಿವಮೊಗ್ಗ

ಅಜ್ಜಿಯ ಊರಲ್ಲಿ ಭೂಮಿ ಹುಣ್ಣಿಮೆ ಹಬ್ಬ ಮುಗಿಸಿಕೊಂಡು ನಿನ್ನೆ ರಾತ್ರಿ ಮನೆಗೆ ಬಂದೆ. ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು ಇದೆ, ಮೂರು ಸಲ ಸೋಪು ಹಾಕಿದರೂ ಹೋಗಿಲ್ಲ. ಅಜ್ಜಿ ಹೇಳಿದ್ದನ್ನೆಲ್ಲ ಮರೆಯುವ ಮೊದಲು ಬರೆದಿಡಬೇಕು, ಅದಕ್ಕೇ ಆಫೀಸಿನಿಂದ ಬಂದವಳೇ ಕೂತಿದ್ದೇನೆ.

ದಸರಾ ಕಳೆದ ಮೇಲೆ ನಮ್ಮಲ್ಲಿ ಭೂಮಣ್ಣಿ ಬುಟ್ಟಿ, ಅಂದರೆ ಹಬ್ಬದ ದಿನ ಗದ್ದೆಗೆ ಹೊತ್ತು ಹೋಗುವ ಬುಟ್ಟಿ, ಅಟ್ಟದಿಂದ ಕೆಳಗಿಳಿಯುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಬೇಕು. ಆಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ. ಕುಂಚ ಪುಂಡಿ ನಾರಿನದು. ಅಜ್ಜಿಗೆ ಈಗ 85 ವರ್ಷ, ಕೈ ನಡುಗುತ್ತದೆ. ಹಾಗಾಗಿ ಈ ಸಲ ಎಳೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ತಪ್ಪು ಹೇಳುವ ಕೆಲಸ ಅವಳದು.

"ಸೊಟ್ಟ ಹೋಯ್ತು ನೋಡು. ಒದ್ದೆ ಬಟ್ಟೆ ತಗಂಡು ಒರೆಸು ಮಗಾ."

ಒರೆಸಿದೆ. ಮತ್ತೆ ಎಳೆದೆ. ಇದನ್ನೆಲ್ಲ ನಿಂಗೆ ಯಾರು ಕಲಿಸಿದ್ದು ಅಂತ ಕೇಳಿದೆ.

"ಬಲಗಡೆ ಮನೆ ಅತ್ತೆ."

"ಯಾವ ಊರಲ್ಲಿ? ಅಲ್ಲೋ ಇಲ್ಲೋ?"

"ಅಲ್ಲಿಯೂ ಬಲಗಡೆ, ಇಲ್ಲಿಯೂ ಬಲಗಡೆ."

ಇಷ್ಟು ವರ್ಷ ಆ ಊರಿಗೆ ಹೋಗಿ ಬರುತ್ತಿದ್ದೇನೆ. ಆ ಎಂಟು ಮನೆ ಯಾಕೆ ಹಾಗೆ ಸಾಲಾಗಿವೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನೀರು ಬರುವ ಮೊದಲೇ ಲಾರಿಗಳು ಬಂದವು. ಶರಾವತಿ ದಂಡೆಯ ಮನೆ, ಗದ್ದೆ, ಅಡಿಕೆ ತೋಟ ಬಿಟ್ಟು ಸಾವಿರಾರು ಕುಟುಂಬಗಳು ಎದ್ದವು. ಅಜ್ಜಿಗೆ ಮದುವೆಯಾಗಿ ಮೂರು ವರ್ಷ ಆಗಿತ್ತಂತೆ. ಪಾತ್ರೆ, ಬೀಜದ ಭತ್ತ, ಎರಡು ಕರು, ಮತ್ತೆ ಈ ಬುಟ್ಟಿ, ಇಷ್ಟು ಲಾರಿಗೆ ಏರಿದ್ದು. ಇಳಿಸಿದ ಕಡೆ ಬರೀ ಕಾಡು. ಹೊತ್ತು ಮುಳುಗುತ್ತಿತ್ತು. ಯಾರು ಎಲ್ಲಿ ಗುಡಿಸಲು ಹಾಕಬೇಕು ಎಂಬ ಮಾತು ಎದ್ದಿತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ ಒಳ್ಳೇ ಜಾಗ ಹಿಡಿಯಲು ನೋಡಿದರಂತೆ. ಆಗ ನಮ್ಮಜ್ಜ ಒಂದು ಕೋಲು ತಗೊಂಡು ನೆಲದ ಮೇಲೆ ಗೆರೆ ಎಳೆದು ಹೇಳಿದನಂತೆ: "ಊರಲ್ಲಿ ಹ್ಯಾಂಗಿತ್ತೋ ಹಾಂಗೇ ಕಟ್ಟಣ."

ಹಾಗೇ ಕಟ್ಟಿದರು. ಬಲಗಡೆಯವರು ಬಲಗಡೆ, ಎಡಗಡೆಯವರು ಎಡಗಡೆ.

ಇದು ಸುಮ್ನೆ ಹಳೇದರ ಮೇಲಿನ ಮೋಹ ಅಂತ ಯಾರಾದರೂ ಅಂದುಕೊಳ್ಳಬಹುದು. ಅಜ್ಜಿ ಹೇಳಿದ್ದು ಕೇಳಿದರೆ ಹಾಗೆ ಅನ್ನಿಸುವುದಿಲ್ಲ. ಮೊದಲ ಮಳೆಗಾಲದಲ್ಲಿ ನನ್ನ ದೊಡ್ಡಮಾವ ಹುಟ್ಟಿದ. ಸರಿ ರಾತ್ರಿ, ಜಡಿಮಳೆ, ದೀಪದ ಎಣ್ಣೆಯೂ ಮುಗಿದಿತ್ತು. ಹೆರಿಗೆ ಮಾಡಿಸುವ ಅಮ್ಮ ಎರಡು ಮನೆ ಆಚೆ ಇದ್ದಾಳೆ ಅಂತ ಕತ್ತಲಲ್ಲೂ ಅಜ್ಜನ ಕಾಲಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಎತ್ತು ಇದೆ, ಯಾರಿಗೆ ಮದ್ದು ಗೊತ್ತು, ಯಾರ ಹತ್ತಿರ ಮಾತು ಎತ್ತಬಾರದು, ಯಾವುದನ್ನೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕಾಡು ಹೊಸದು, ನೀರು ಹೊಸದು, ಮಣ್ಣು ಹೊಸದು. ಜನ ಮಾತ್ರ ಹಳಬರು.

ನನಗೆ ತುಂಬಾ ಇಷ್ಟವಾಗಿದ್ದು ಮುಯ್ಯಾಳಿನ ವಿಷಯ. ನೀವು ನಮ್ಮ ಗದ್ದೆಗೆ ನಾಲ್ಕು ಆಳು ಬಂದರೆ ನಾವು ನಿಮ್ಮ ಗದ್ದೆಗೆ ನಾಲ್ಕು ಆಳು ಬರಬೇಕು, ಅದು ಮುಯ್ಯಿ. ಹಳೇ ಊರಿನ ಕೊನೆಯ ಕೊಯ್ಲಿನ ಮುಯ್ಯಿ ಬಾಕಿ ಉಳಿದಿತ್ತು. ಗದ್ದೆಗಳೇ ಮುಳುಗಿ ಹೋಗಿದ್ದವು. ಆದರೂ ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡುವಾಗ ಒಬ್ಬೊಬ್ಬರೂ ನೆನಪಿಟ್ಟು ಆ ಬಾಕಿ ತೀರಿಸಿದರಂತೆ. "ನಿಮ್ಮದು ಎರಡಾಳು ನಮ್ಮ ಮೇಲಿತ್ತು" ಅಂತ ಬೆಳಿಗ್ಗೆ ಕತ್ತಿ ಹಿಡಿದು ಬಂದು ನಿಲ್ಲುತ್ತಿದ್ದರಂತೆ. ಬರೆದಿಟ್ಟ ಲೆಕ್ಕ ಯಾವುದೂ ಇರಲಿಲ್ಲ. ಎಂಟು ಮನೆಯ ತಲೆಯಲ್ಲಿತ್ತು, ಅಷ್ಟೇ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತಿದ್ದರು.

ಅಜ್ಜಿ ಇದನ್ನು ಹೇಳುವಾಗ ನನಗೆ ಬಫಲೋ ಕ್ರೀಕ್ ನೆನಪಾಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾದ ಕಣಿವೆ ಅದು. 1972ರ ಫೆಬ್ರವರಿ 26ರಂದು ಕಲ್ಲಿದ್ದಲು ಗಣಿಯ ಕಸದಿಂದ ಕಟ್ಟಿದ್ದ ಒಡ್ಡು ಒಡೆದು 125 ಜನ ಸತ್ತರು. ಮನೆ ಕಳೆದುಕೊಂಡ ಸಾವಿರಾರು ಜನರಿಗೆ ಸರ್ಕಾರ ತಾತ್ಕಾಲಿಕ ಟ್ರೇಲರ್ ಮನೆ ಕೊಟ್ಟಿತು. ಆದರೆ ಯಾರ ಪಕ್ಕ ಯಾರಿದ್ದರು ಅಂತ ನೋಡಲಿಲ್ಲ. ಮೊದಲು ಬಂದವರಿಗೆ ಮೊದಲು ಎಂದು ಹಂಚಿತು. ಕೈ ಎರಿಕ್ಸನ್ ಎಂಬ ಸಮಾಜಶಾಸ್ತ್ರಜ್ಞ ಅಲ್ಲಿನ ಜನರ ಜೊತೆ ಕೂತು ಮಾತಾಡಿದ. ತಲೆ ಮೇಲೆ ಸೂರು ಸಿಕ್ಕರೂ ಅವರು ಚೇತರಿಸಿಕೊಂಡಿರಲಿಲ್ಲ. ಪ್ರವಾಹ ಕೊಟ್ಟ ಪೆಟ್ಟು ಒಂದು, ನೆರೆಹೊರೆ ಚದುರಿ ಹೋದ ಪೆಟ್ಟು ಇನ್ನೊಂದು ಎಂದು ಅವನು ಕಂಡುಕೊಂಡ. ನಮ್ಮಜ್ಜ ಓದಿದ್ದು ಎರಡನೇ ಕ್ಲಾಸು. ಆ ಎರಡನೇ ಪೆಟ್ಟನ್ನು ಅವನು ಒಂದು ಕೋಲಿನ ಗೆರೆಯಿಂದ ತಪ್ಪಿಸಿದ್ದ.

ಎಲ್ಲವನ್ನೂ ಅವರು ಹಾಗೇ ಹೊತ್ತು ತರಲಿಲ್ಲ, ಅದನ್ನೂ ಬರೆಯಬೇಕು. ಹಳೇ ಊರಲ್ಲಿ ಗೇಣಿ ಪಡೆಯುವ ಒಡೆಯರ ಮನೆ ಇತ್ತು. ಅದರ ಮುಂದೆ ಚಪ್ಪಲಿ ಹಾಕಿಕೊಂಡು ನಡೆಯುವ ಹಾಗಿರಲಿಲ್ಲವಂತೆ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂಬ ಸಿಟ್ಟೇ 1951ರಲ್ಲಿ ಸಾಗರದ ಕಾಗೋಡಿನಲ್ಲಿ ರೈತರನ್ನು ಸತ್ಯಾಗ್ರಹಕ್ಕೆ ಎಬ್ಬಿಸಿತು. ಅಜ್ಜ ಆಗ ಹುಡುಗ, ದೊಡ್ಡವರು ಮಾತಾಡಿಕೊಳ್ಳುವುದನ್ನು ಕೇಳಿ ಬೆಳೆದವನು. ಹೊಸ ಊರಿನ ಗೆರೆಯಲ್ಲಿ ಒಡೆಯರ ಮನೆಗೆ ಜಾಗ ಇರಲಿಲ್ಲ. ಆ ಜಾಗದಲ್ಲಿ ಬಾವಿ ತೋಡಿದರು.

ಲಿಂಗನಮಕ್ಕಿಗೂ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಇತ್ತು, 1948ರಲ್ಲಿ ಮುಗಿದಿದ್ದು, ಜೋಗದ ವಿದ್ಯುತ್ತಿಗಾಗಿ. ಅದರಿಂದಲೂ ಜನ ಎದ್ದಿದ್ದರು. ಆಮೇಲೆ ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೇ ಮುಳುಗಿಸಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ. ಅಜ್ಜಿ ಇವತ್ತಿಗೂ ಪೇಪರಿನಲ್ಲಿ ನೀರಿನ ಮಟ್ಟ ಓದಿಸುತ್ತಾಳೆ. ಪೂರ್ತಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ. "ಅದಕ್ಕೆ ಎಷ್ಟು ಕಮ್ಮಿ?" ಅಂತ ಕೇಳುತ್ತಾಳೆ. ಹೇಳಿದರೆ ಒಂದು ಕ್ಷಣ ಲೆಕ್ಕ ಹಾಕಿ, "ಹಂಗಾದ್ರೆ ನಮ್ಮ ಕಣದ ತನಕ ನೀರಿದೆ" ಅನ್ನುತ್ತಾಳೆ.

ಅಜ್ಜಿಯ ತಂಗಿಯನ್ನು ಕೊಟ್ಟಿದ್ದು ಹಿನ್ನೀರಿನ ಆಚೆ ದಡದ ತುಮರಿ ಕಡೆ. ಅವರ ಊರು ಮುಳುಗಲಿಲ್ಲ. ಆದರೆ ಸಾಗರಕ್ಕೆ ಹೋಗುವ ದಾರಿ ಮುಳುಗಿತು. ಅಲ್ಲಿಂದ ಆರು ದಶಕ ಲಾಂಚ್ ನಂಬಿಕೊಂಡು ಬದುಕಿದರು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಒಂದೋ ದಡದಲ್ಲಿ ರಾತ್ರಿ ಕಳೆಯಬೇಕು, ಇಲ್ಲ ಕಾಡಿನ ರಸ್ತೆ ಸುತ್ತಬೇಕು. ಈ ಜುಲೈ 14ಕ್ಕೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಲಾಂಚ್ ಪ್ರಯಾಣ ಎಷ್ಟು ಚೆನ್ನಾಗಿತ್ತು, ಅದು ಹೋಯ್ತಲ್ಲ ಅಂತ ಪ್ರವಾಸಕ್ಕೆ ಬರುವವರು ಬೇಜಾರು ಮಾಡಿಕೊಳ್ಳುತ್ತಾರೆ. ಚಿಕ್ಕಜ್ಜಿಗೆ ಒಂದು ಚೂರೂ ಬೇಜಾರಿಲ್ಲ. ಫೋನಿನಲ್ಲಿ ಹೇಳಿದಳು: "ನಾವು ಮುಂಚೆ ನಡ್ಕೊಂಡೇ ಹೋಗ್ತಿದ್ವಲ್ಲೇ ಮಾರಾಯ್ತಿ. ಹೊಸದೆಂತ ಕೊಡ್ಲಿಲ್ಲ, ನಮ್ದು ನಮ್ಗೆ ಕೊಟ್ರು."

ಆ ಮಾತು ಎರಡು ದಿನದಿಂದ ತಲೆಯಲ್ಲೇ ಇದೆ. ಅಲ್ಲಿ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಕಣ್ಣು ಬಿಟ್ಟಾಗಿನಿಂದ ನೀರನ್ನೇ ನೋಡಿದವರು. ನಮ್ಮೂರು ಇರುವುದೇ ಹೀಗೆ ಅಂತ ಅವರು ಅಂದುಕೊಂಡಿದ್ದರೆ ತಪ್ಪೇನಿತ್ತು? ಹಾಗೆ ಅಂದುಕೊಳ್ಳದಂತೆ ಹಿರಿಯರು ಬಿಡದೆ ಹೇಳುತ್ತಾ ಬಂದರು, ಇಲ್ಲಿ ದಾರಿ ಇತ್ತು ಅಂತ. ದಾರಿ ಕಂಡೇ ಇರದ ಮಕ್ಕಳು ಆ ಮಾತು ನಂಬಿ ಅರ್ಜಿ ಹಿಡಿದು ಓಡಾಡಿದರು. ಅವರು ಉಪಕಾರ ಕೇಳಲಿಲ್ಲ. ಬಾಕಿ ಕೇಳಿದರು.

ನಮ್ಮ ಕಡೆಯ ಬಾಕಿ ಇನ್ನೂ ಇದೆ. ಆ ಎಂಟು ಮನೆಯಲ್ಲಿ ಐದು ಮನೆಯ ಜಮೀನಿಗೆ ಹಕ್ಕುಪತ್ರ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ ಒಂದು ಒಳ್ಳೇ ಮಾತಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿಯಾಗಿ ಕೊಡಬಹುದು. ಆದರೆ ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ಬೇಕು ಎಂಬ ಷರತ್ತೂ ಇದೆ. ನಮ್ಮವರನ್ನು ಈ ಕಾಡಿಗೆ ತಂದು ಇಳಿಸಿದ್ದೇ 1960ರ ದಶಕದಲ್ಲಿ. ಆ ಲಾರಿಯ ದಿನ ಕಂಡವರು ಈಗ ಊರಲ್ಲಿ ಮೂರೇ ಜನ ಉಳಿದಿದ್ದಾರೆ. ನನಗೆ ಇದು ನಿಜವಾಗಿ ಭಯ ಹುಟ್ಟಿಸುತ್ತದೆ. ಯಾರು ಮೊದಲು ಇಳಿದರು, ಗೆರೆ ಎಲ್ಲಿಂದ ಶುರುವಾಯಿತು, ಎಷ್ಟು ಎಕರೆ ಅಂತ ಹೇಳಿದ್ದರು, ಎಲ್ಲವನ್ನೂ ಮೂವರ ಬಾಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಿದ್ದೇನೆ. ಒಬ್ಬೊಬ್ಬರನ್ನೇ ಕೂರಿಸಿದರೆ ಮಾತು ಬೇಗ ನಿಲ್ಲುತ್ತದೆ. ಮೂವರನ್ನೂ ಜಗುಲಿ ಮೇಲೆ ಒಟ್ಟಿಗೆ ಕೂರಿಸಿದ ದಿನ ಎರಡು ತಾಸು ನಿಲ್ಲಲೇ ಇಲ್ಲ. ಒಬ್ಬರು ಲಾರಿ ಅಂದರೆ ಇನ್ನೊಬ್ಬರಿಗೆ ಡ್ರೈವರು ನೆನಪಾಗುತ್ತಾನೆ, ಮತ್ತೊಬ್ಬರಿಗೆ ಅವನು ಕೊಟ್ಟ ಬೆಲ್ಲ.

ಹುಣ್ಣಿಮೆಯ ದಿನ ಬೆಳಗಾಗುವ ಮೊದಲೇ ಗದ್ದೆಗೆ ಹೋದೆವು. ಭತ್ತ ಹೊಡೆ ಬಂದು ನಿಂತಿದೆ. ಬಸುರಿ ಭೂಮ್ತಾಯಿಗೆ ಬಯಕೆ ಊಟ. ದೊಡ್ಡಮಾವ ಬುಟ್ಟಿ ಹೊತ್ತು ಮುಂದೆ, ಅವನ ಹತ್ತು ವರ್ಷದ ಮೊಮ್ಮಗ ದೊಂದಿ ಹಿಡಿದು ಹಿಂದೆ. ಅಂಚಿನ ಮೇಲೆ ಇಬ್ಬನಿ, ಪಂಚೆ ಮೊಣಕಾಲಿನ ತನಕ ಒದ್ದೆ. ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿ ಚೆಲ್ಲುತ್ತಾ ಮಾವ ಒಂದೊಂದೇ ಗದ್ದೆಯ ಹೆಸರು ಕೂಗಿದ: ಹೊಳೆಬೈಲು, ಮಕ್ಕಿಗದ್ದೆ, ಕೆರೆಕೋಡಿ. ಇಲ್ಲಿ ಹೊಳೆಯೂ ಇಲ್ಲ, ಕೆರೆಯೂ ಇಲ್ಲ. ಹೆಸರು ಮಾತ್ರ ಲಾರಿಯಲ್ಲಿ ಬಂದವು. ಹುಡುಗ ಹಿಂದಿನಿಂದ ಕೂಗುತ್ತಾ ಬಂದವನು ಕೆರೆಕೋಡಿಯನ್ನು ಬಿಟ್ಟು ಮುಂದೆ ಹೋದ. ಅಂಗಳದಲ್ಲಿ ಕೂತಿದ್ದ ಅಜ್ಜಿಗೆ ಅಷ್ಟು ದೂರದಿಂದ ಹೇಗೆ ಕೇಳಿತೋ, ಅಲ್ಲಿಂದಲೇ ಕೂಗಿದಳು. ಅವನು ತಿರುಗಿ ಬಂದು ಕೆರೆಕೋಡಿಗೆ ಒಂದು ಹಿಡಿ ಚೆಲ್ಲಿದ.

ಈಗಷ್ಟೇ ಮಾವನ ಫೋನ್ ಬಂತು. ಭಾನುವಾರ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸೇತುವೆ ಮೇಲೆ ಚಿಕ್ಕಜ್ಜಿ ಮನೆಗೆ ಹೋಗುವುದು ಅಂತ ಆಯಿತು. ಅಜ್ಜಿಯದು ಒಂದೇ ಪ್ರಶ್ನೆಯಂತೆ, ನಡುವೆ ಗಾಡಿ ನಿಲ್ಲಿಸಲು ಬಿಡುತ್ತಾರಾ ಅಂತ. ಅವರ ಹಳೇ ಊರು ಯಾವ ದಿಕ್ಕಿಗೆ ಬರುತ್ತದೆ ಅಂತ ಹುಡುಗನಿಗೆ ಬೆರಳಿಟ್ಟು ತೋರಿಸಬೇಕಂತೆ.